ಎಳ್ಳಮಾವಾಸ್ಯೆಯಂದು ಬಾಗಿಲಲ್ಲಿ ನಿಂತವಳು

ಅಂಬಿಕಾ ದಬ್ಬಣಕ್ಕೆ ದಾರ ಪೋಣಿಸಿ ತುದಿಗೆ ಗಂಟು ಹಾಕಿದಳು. ಕಾಗದಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡಿ, ಎಡಗಡೆ ಮೂರು ತೂತು ಚುಚ್ಚಿದಳು. ದಾರ ಮೊದಲು ನಡುವಿನ ತೂತಿನಲ್ಲಿ ಇಳಿಯಬೇಕು, ಆಮೇಲೆ ಮೇಲಿನದು, ಕೊನೆಗೆ ಕೆಳಗಿನದು. ಹಾಗೆ ಹೊಲಿದ ಕಟ್ಟು ಎಷ್ಟು ವರ್ಷ ಕೋರ್ಟಿನಲ್ಲಿ ಬಿದ್ದಿದ್ದರೂ ಬಿಚ್ಚುವುದಿಲ್ಲ.

ಕೆಳಗಿನ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿರಲಿಲ್ಲ. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿನ ಆ ಓಣಿಯಲ್ಲಿ ದಿನಕ್ಕೆ ಅರ್ಧ ತಾಸು ಮಾತ್ರ ಹೀಗೆ ಸದ್ದಿಲ್ಲದೆ ಇರುತ್ತಿತ್ತು. ಆ ಅರ್ಧ ತಾಸು ತನ್ನದೇ ಎಂದು ಅಂಬಿಕಾ ತಿಳಿದಿದ್ದಳು. ಎದುರಿಗೆ ಅವಳು ಕೆಲಸಕ್ಕಿದ್ದ ಆಫೀಸಿನ ವಕೀಲೆ ಉಮಾದೇವಿ ಕಣ್ಣು ಮುಚ್ಚಿ ಚಹಾ ಕುಡಿಯುತ್ತಿದ್ದರು.

ಹೊಲಿಯುತ್ತಿದ್ದದ್ದು ಗುರುಗುಂಟಾದ ನಂದಿನಿಯ ಕೇಸು. ಸಾಲಗುಂದದ ಅವಳ ಗಂಡ ಭೀಮೇಶ ಸಿಂಧನೂರಿನ ಕೋರ್ಟಿನಲ್ಲಿ ವಿಚ್ಛೇದನ ಕೇಳಿದ್ದ, ಜೊತೆಗೆ ಏಳು ವರ್ಷದ ಮಗಳು ಅಮರವ್ವನನ್ನೂ ಕೇಳಿದ್ದ. ನಂದಿನಿಗೆ ನೋಟಿಸು ಹೋಯಿತು, ಅವಳು ಬೇಡವೆಂದು ತಿರುಗಿಸಿದಳು ಎಂದು ಕಾಗದ ಹೇಳುತ್ತಿತ್ತು. ತಿರುಗಿಸಿದರೂ ಮುಟ್ಟಿದಂತೆಯೇ. ಕೇಸು ನಿಲ್ಲುವುದಿಲ್ಲ, ಬಾರದವರನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಹಾಗೆಯೇ ಹೋಗಿ, ಭೀಮೇಶ ಕೇಳಿದ್ದೆಲ್ಲ ಅವನಿಗೆ ಸಿಕ್ಕಿತ್ತು.

ನಂದಿನಿಗೆ ಇದು ಗೊತ್ತಾದದ್ದು ಶಾಲೆಯ ಮುಂದೆ ಅವನು ಆದೇಶದ ಪ್ರತಿ ಹಿಡಿದು ನಿಂತಾಗ. ನೋಟಿಸನ್ನು ತಾನು ಕಣ್ಣಿಂದಲೂ ಕಂಡಿಲ್ಲ ಎಂದು ಅವಳು ಹೇಳುತ್ತಿದ್ದಳು. ಆದೇಶ ರದ್ದು ಮಾಡಿ ಎಂದು ಉಮಾದೇವಿ ಅರ್ಜಿ ಹಾಕಿದ್ದರು. ಗುರುವಾರ ವಿಚಾರಣೆ. ನೋಟಿಸು ನಂದಿನಿಯ ಕೈಗೆ ಬಂದಿಲ್ಲ ಎಂದು ಅಂದು ತೋರಿಸದೆ ಹೋದರೆ ಹುಡುಗಿ ಸಾಲಗುಂದಕ್ಕೆ. ಇಂದು ಮಂಗಳವಾರ.

ಮೊದಲ ಸಲ ಬಂದಾಗ ನಂದಿನಿ ವಿಚ್ಛೇದನದ ಬಗ್ಗೆ ಒಂದೇ ಮಾತಿನಲ್ಲಿ ತನ್ನ ಮನಸ್ಸು ಹೇಳಿದ್ದಳು. "ಸೋಡಚೀಟಿ ನನಗೂ ಬೇಕ್ರಿ ಅಕ್ಕಾರ. ಮಗಳನ್ನ ಕೊಟ್ಟು ತಗೊಳ್ಳಾಕ ಒಲ್ಲೆ."

ಅಂಬಿಕಾ ಕಟ್ಟಿಗೆ ಹೊದಿಕೆ ಹಾಕಲು ಹಳೆಯ ಕ್ಯಾಲೆಂಡರಿನ ಹಾಳೆ ಎಳೆದುಕೊಂಡಳು. ದಪ್ಪ ಕಾಗದ, ಫೈಲು ಮಾಸುವುದಿಲ್ಲ. ಕೈಗೆ ಬಂದದ್ದು ಹೋದ ಡಿಸೆಂಬರಿನದು. ಮಡಚಲು ಹೋದವಳು ಹಾಗೆಯೇ ನಿಂತಳು. ಮೂವತ್ತನೆಯ ತಾರೀಖಿನ ಮನೆಯಲ್ಲಿ ಕಪ್ಪು ಬೊಟ್ಟಿತ್ತು.

ಅವಳು ಹೊಲಿದ ಕಟ್ಟನ್ನು ತಿರುವಿ, ನೋಟಿಸಿನ ಹಿಂಬದಿಗೆ ಅದನ್ನು ಒಯ್ದ ಕೋರ್ಟಿನ ಅಮೀನರು ಬರೆದ ಮೂರು ಸಾಲು ಓದಿದಳು. ಮೂವತ್ತನೆಯ ತಾರೀಖು, ಮಧ್ಯಾಹ್ನ ಹನ್ನೆರಡು ಗಂಟೆ, ಮನೆಯಲ್ಲಿ ಸಿಕ್ಕ ನಂದಿನಿ ನೋಟಿಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಅಂಬಿಕಾಗೆ ಕಾನೂನಿನ ಕಾಗದ ಓದಲು ಇನ್ನೂ ತುಸು ಹೊತ್ತು ಬೇಕು. ಆದರೆ ತಾರೀಖು ಓದಲು ಯಾವ ಶಾಲೆಯೂ ಬೇಕಿರಲಿಲ್ಲ. ಎರಡನ್ನೂ ಜೋಡಿಸಿ ಉಮಾದೇವಿಯ ಮುಂದೆ ಇಟ್ಟು, ದಬ್ಬಣದ ತುದಿಯಿಂದ ಕಪ್ಪು ಬೊಟ್ಟು ತೋರಿಸಿದಳು.

ಉಮಾದೇವಿ ಕಣ್ಣು ತೆರೆದು ನೋಡಿದರು. ಚಹಾದ ಲೋಟ ಅರ್ಧಕ್ಕೇ ನಿಂತಿತು.

"ಎಳ್ಳಮಾಸಿ," ಎಂದರು.

"ಹೌದ್ರಿ ಅಕ್ಕಾರ."

"ಎಳ್ಳಮಾಸಿ ದಿನ ಮಧ್ಯಾಹ್ನ ಹನ್ನೆರಡಕ್ಕ ಊರಾಗ ಯಾರಿರ್ತಾರ?"

"ನಾಯಿ ಸೈತ ಹೊಲಕ್ಕ ಹೋಗಿರ್ತಾವ್ರಿ," ಎಂದಳು ಅಂಬಿಕಾ. ಇಷ್ಟು ಉದ್ದದ ಮಾತು ಆಡಿದ್ದಕ್ಕೆ ಅವಳ ಕಿವಿ ಬಿಸಿಯಾಯಿತು.

ಊರಿಗೆ ಊರೇ ಮನೆಗೆ ಕೀಲಿ ಹಾಕಿ, ಎತ್ತಿನ ಗಾಡಿ ಕಟ್ಟಿ, ಬುತ್ತಿಯ ಗಂಟು ಹೊತ್ತು ಹೊರಡುವ ದಿನ ಅದು. ನಿಂತ ಜೋಳದ ಸುತ್ತ ಚರಗ ಚೆಲ್ಲಿ, ಭೂಮಿಗೆ ಉಣ್ಣಿಸಿ, ಆಮೇಲೆ ತಾವು ಉಂಡು, ಜಾಲಿಯ ನೆರಳಲ್ಲಿ ಉರುಳಿ, ಬಿಸಿಲು ಇಳಿದ ಮೇಲೆ ಮನೆಗೆ ಬರುವುದು. ಆ ಹೊತ್ತಿನಲ್ಲಿ ನಂದಿನಿ ಮನೆಯ ಬಾಗಿಲಲ್ಲಿ ನಿಂತಿದ್ದಳೆಂದರೆ ಯಾರು ನಂಬಬೇಕು?

ಉಮಾದೇವಿ ಕೂಡಲೇ ನಂದಿನಿಗೆ ಫೋನು ಹಚ್ಚಿ, ಅಂಬಿಕಾಗೂ ಕೇಳಲೆಂದು ಸ್ಪೀಕರ್ ಹಾಕಿದರು. ಮಾತಿಗೆ ಮೊದಲು ಬಂದದ್ದು ಹಾಡು. ನಂದಿನಿ ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಿದ್ದಳು. ಬೆಳಗ್ಗೆ ಆ ಗಾಡಿಯ ಮೈಕಿನ ಹಾಡು ಕೇಳಿದರೆ ಗುರುಗುಂಟಾದ ಹೆಂಗಸರು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ಗಂಡನ ಮನೆಯಿಂದ ತವರಿಗೆ ಬಂದ ವರ್ಷವೇ ಡ್ರೈವಿಂಗ್ ಕಲಿತು, ಲೈಸೆನ್ಸು ತೆಗೆದು, ಊರ ಗಂಡಸರ ಕಣ್ಣೆದುರು ಮೊದಲ ಸಲ ಗಾಡಿ ಹಿಂದಕ್ಕೆ ತಿರುಗಿಸಿದ ದಿನವನ್ನು ಅವಳು ತನ್ನ ಮದುವೆಗಿಂತ ಚೆನ್ನಾಗಿ ನೆನಪಿಟ್ಟಿದ್ದಳು.

ವಿಷಯ ಕೇಳಿ ಅವಳು ಹಾಡು ಬಂದ್ ಮಾಡಿದಳು. ಒಂಬತ್ತಕ್ಕೆ ಹೋಗಿ ನಾಲ್ಕಕ್ಕೆ ಬಂದದ್ದು, ತಾನು, ಅವ್ವ ಯಂಕಮ್ಮ, ಮಗಳು ಅಮ್ರಿ, ಗಾಡಿ ಹೊಡೆದವನು ಅವ್ವನ ತಮ್ಮ ನರಸಣ್ಣ ಮಾಮ, ಎಲ್ಲ ಒಂದೇ ಉಸಿರಿಗೆ ಹೇಳಿದಳು. "ಆ ದಿನ ಎಷ್ಟು ಕಡುಬು ತಿಂದೀನಂದ್ರ, ಉಂಡು ಅಲ್ಲೇ ಗಾಡಿ ಬುಡಕ ಮಲಗಿದಾಕಿ ಸಂಜಿಗೇ ಎದ್ದೀನ್ರಿ. ಇದನ್ನ ಜಡ್ಜ್ ಸಾಹೇಬ್ರಿಗೆ ಹೇಳಬಹುದೇನ್ರಿ?"

ಕಡುಬಿನ ಮಾತು ಬೇಡ, ಉಳಿದದ್ದು ಸಾಕು ಎಂದರು ಉಮಾದೇವಿ. ಆದರೆ ಫೋನು ಇಟ್ಟ ಮೇಲೆ ಅಂಬಿಕಾಗೆ ಬಿಡಿಸಿ ಹೇಳಿದರು. ಹೊಲದಲ್ಲಿ ಇದ್ದೆವು ಎಂದು ಮನೆಯವರೇ ಹೇಳಿದರೆ ಎದುರು ವಕೀಲರು ನಗುತ್ತಾರೆ. ಬಾಗಿಲಲ್ಲಿ ನಿಂತದ್ದು ನಂದಿನಿ ಅಲ್ಲ ಎಂದು ಆ ಬಾಗಿಲಿಗೆ ಹೋದವರ ಬಾಯಿಂದಲೇ ಬರಬೇಕು.

ಬಾಗಿಲಿಗೆ ಹೋದವರು ಅಮೀನ ಲಾಲ್‌ಸಾಬ್. ಈ ಮಾರ್ಚಿನಲ್ಲಿ ನಿವೃತ್ತರಾಗಿ ಮಸ್ಕಿಯಲ್ಲಿ ಮಗಳ ಮನೆಯಲ್ಲಿದ್ದರು. ಉಮಾದೇವಿ ಸ್ಕೂಟರಿನ ಕೀಲಿ ತೆಗೆದುಕೊಂಡರು. ಕೆಳಗೆ ಗಿರಣಿ ಶುರುವಾಗಿ ಮೆಟ್ಟಿಲೆಲ್ಲ ಅದುರತೊಡಗಿತ್ತು.

*

ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ಅಳಿಯನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಲಾಲ್‌ಸಾಬ್ ಕುಳಿತಿದ್ದರು. ಗೋಡೆಯ ಮೇಲೆ ಹನ್ನೊಂದು ಗಡಿಯಾರ, ಹನ್ನೊಂದು ಹೊತ್ತು. ಯಾವುದು ಸರಿ ಎಂದು ಕೇಳಿದವರಿಗೆ ಅವರು ತಮ್ಮ ಕೈಗಡಿಯಾರ ತೋರಿಸುತ್ತಿದ್ದರು.

ಮೂವತ್ತೊಂದು ವರ್ಷ ಕೋರ್ಟಿನ ಕಾಗದ ಹೊತ್ತು ತಿರುಗಿದವರು. ತಟ್ಟಿದ ಒಂದೊಂದು ಬಾಗಿಲೂ ತಮಗೆ ನೆನಪಿದೆ ಎಂದು ಕುರ್ಚಿ ಹಾಕುತ್ತಲೇ ಹೇಳಿದರು. ನಾಯಿ ಬಿಟ್ಟವರು ಯಾರು, ಹಿಂದಿನ ಗೋಡೆ ಹಾರಿದವರು ಯಾರು, ಕಾಗದ ಕೈಗೆ ಬಿದ್ದ ಕೂಡಲೇ ಅತ್ತವರು ಯಾರು, ಎಲ್ಲ. ಉಮಾದೇವಿ ತಾಳ್ಮೆಯಿಂದ ಕೇಳಿ, ಗುರುಗುಂಟಾ ಎಂದರು. ಎಳ್ಳಮಾವಾಸ್ಯೆ ಎಂದರು.

ಲಾಲ್‌ಸಾಬ್ ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ನಾಚಿಕೆಯಿತ್ತು. ಮಾತಿಗೊಮ್ಮೆ ಕಿವಿ ಬಿಸಿಯಾಗುವ ಅಂಬಿಕಾಗೆ ಆ ಬಣ್ಣ ಚೆನ್ನಾಗಿ ಗೊತ್ತು.

"ಊಟದ ವಿಷಯ ನಿಮಗ ಯಾರು ಹೇಳಿದ್ರಿ ವಕೀಲ್ರ?"

ಯಾರೂ ಹೇಳಿರಲಿಲ್ಲ. ಉಮಾದೇವಿ ಹಾಗೆಂದು ಹೇಳಲಿಲ್ಲ. ಲಾಲ್‌ಸಾಬ್ ಒಂದೊಂದಾಗಿ ಹೊರಗೆ ಹಾಕಿದರು.

ನೋಟಿಸಿನ ಗಡುವು ಮುಗಿಯುತ್ತಿತ್ತು, ಅಂದೇ ಹೋಗಬೇಕಿತ್ತು. ಬಸ್ಸಿಳಿದರೆ ಊರೆಲ್ಲ ಕೀಲಿ. ತಿರುಗಿ ಹೋಗಬೇಕು ಅನ್ನುವಷ್ಟರಲ್ಲಿ ಬೈಕಿನವನೊಬ್ಬ ಸಿಕ್ಕ. ಧೂಳಿಗೆಂದು ಮುಖಕ್ಕೆ ಟವಲು ಸುತ್ತಿಕೊಂಡಿದ್ದ. ನಂದಿನಿಯ ಮನೆ ಎಂದ ಕೂಡಲೇ ಮುಂದೆ ನಡೆದು ತೋರಿಸಿದ. ಬಾಗಿಲು ಅರ್ಧ ತೆರೆದಿತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಂಗಸು ಹೊಸ್ತಿಲ ಒಳಗೆ ನಿಂತು, ನಾನೇ ನಂದಿನಿ, ಕಾಗದ ಮುಟ್ಟುವುದಿಲ್ಲ ಎಂದಳು. ಬೈಕಿನವನು ಸಾಕ್ಷಿಗೆ ಸಹಿ ಗೀಚಿದ. ಹೆಸರು ಕೇಳಿದ್ದಕ್ಕೆ ಗಿಡ್ಡಪ್ಪ ಎಂದು ಹೇಳಿ ಹೊರಟುಹೋದ.

"ಅಲ್ಲಿಗೆ ನನ್ನ ಕೆಲಸ ಮುಗಿದಿತ್ರಿ. ಹೊರಡಾಕ ಹತ್ತೀನಿ, ಆ ಹೆಣ್ಮಗಳು ನಿಂದ್ರು ಅಂದ್ಲು. ಹಬ್ಬದ ದಿನ ಬಂದೀರಿ, ಹಂಗ ಹೋಗಬ್ಯಾಡ್ರಿ ಅಂತ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮ್ಯಾಲೆ ಎರಡು ಕಡುಬು." ಲಾಲ್‌ಸಾಬ್ ತಲೆ ತಗ್ಗಿಸಿದರು. "ಮೂವತ್ತೊಂದು ವರ್ಷದಾಗ ನೋಟಿಸ್ ಒಯ್ದವನಿಗೆ ಉಣ್ಣಾಕ ಹಾಕಿದ ಮನಿ ಅದೊಂದ. ಕಟ್ಟಿಮ್ಯಾಲೆ ಕುಂತು ಉಂಡೀನಿ. ರಿಪೋರ್ಟಿನಾಗ ಬರದಿಲ್ಲ."

ಉಮಾದೇವಿ ನಗು ತಡೆದುಕೊಂಡು, ಅವಳ ಮುಖ ಹೇಗಿತ್ತು ಎಂದು ಕೇಳಿದರು. ಹೆಣ್ಣುಮಕ್ಕಳ ಮುಖ ದಿಟ್ಟಿಸುವ ಚಟ ತಮಗಿಲ್ಲ ಎಂದರು ಲಾಲ್‌ಸಾಬ್. ವಯಸ್ಸು? ಸೆರಗಿನೊಳಗೆ ವಯಸ್ಸು ಯಾರಿಗೆ ಕಾಣಬೇಕು. ಧ್ವನಿ? ಸಣ್ಣ ಧ್ವನಿ, ಹುಡುಗಿಯದೇ.

ದಾರಿ ಅಲ್ಲಿಗೆ ಮುಗಿದಂತಾಯಿತು. ಆದರೆ ಅಂಬಿಕಾ ಅಷ್ಟು ಹೊತ್ತೂ ಅವರ ಮಾತಿಗಿಂತ ಅವರ ಕೈ ನೋಡುತ್ತಿದ್ದಳು. ತಟ್ಟೆ ಇಟ್ಟದ್ದನ್ನು ಹೇಳುವಾಗ ಅವರು ತಮ್ಮ ಕೈಯನ್ನೇ ಮುಂದೆ ಚಾಚಿ, ಮುಂಗೈಯನ್ನು ಒಮ್ಮೆ ನೋಡಿಕೊಂಡಿದ್ದರು. ಅವಳು ಉಮಾದೇವಿಯ ಕಿವಿಯ ಹತ್ತಿರ ಬಾಗಿದಳು.

"ಮುಖ ನೋಡಿಲ್ಲ, ಖರೆ. ನೀಡಿದ ಕೈ ನೋಡಿರಬೇಕಲ್ರಿ."

ಉಮಾದೇವಿ ಕೇಳಿದರು. ಲಾಲ್‌ಸಾಬರ ಕಣ್ಣುಗಳು ಅರಳಿದವು.

"ಹಚ್ಚಿ ಇತ್ರಿ. ಮುಂಗೈಮ್ಯಾಲೆ ಹಸರು ಹಚ್ಚಿ. ಚೇಳು. ಬಾಲ ಮ್ಯಾಲಕ್ಕ ಎತ್ತಿತ್ತು. ಉಣ್ಣಾಕ ಹಾಕೂ ಕೈಮ್ಯಾಲೆ ಚೇಳು ಕಂಡು ನನಗ ನಗಿ ಬಂದಿತ್ತು."

ಈಗ ಉಮಾದೇವಿ ನಗು ತಡೆಯಲಿಲ್ಲ. ಪಕ್ಕದ ಅಂಗಡಿಯವರು ಇಣುಕಿ ನೋಡುವಷ್ಟು ನಕ್ಕರು. ನಂದಿನಿಗೆ ಇಪ್ಪತ್ತಾರು. ಆ ವಯಸ್ಸಿನ ಯಾವ ಹುಡುಗಿಯ ಕೈಮೇಲೆ ಈಗ ಹಚ್ಚೆ ಇರುತ್ತದೆ? ಅದು ಅವಳ ಅವ್ವಂದಿರ ಕಾಲದ್ದು, ಹಚ್ಚೆ ಹಾಕುವವರು ಮನೆ ಮುಂದೆ ಬಂದು ಕೂರುತ್ತಿದ್ದ ಕಾಲದ್ದು. ನಂದಿನಿಯ ಎರಡೂ ಕೈಗಳನ್ನು ಅಂಬಿಕಾ ಎಷ್ಟೋ ಸಲ ವಕಾಲತ್ತಿನ ಕಾಗದದ ಮೇಲೆ ನೋಡಿದ್ದಳು. ಸ್ಟಿಯರಿಂಗ್ ಹಿಡಿದು ಕಟ್ಟಿದ ಜಡ್ಡು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ.

ಗುರುವಾರ ಬಂದು ಇದನ್ನೇ ಹೇಳಬೇಕು ಎಂದರು ಉಮಾದೇವಿ. ಬರುತ್ತೇನೆ, ಊಟದ ಮಾತು ಮಾತ್ರ ಬೇಡ ಎಂದರು ಲಾಲ್‌ಸಾಬ್. ಊಟವಿಲ್ಲದೆ ಕೈ ಇಲ್ಲ, ಕೈ ಇಲ್ಲದೆ ಚೇಳಿಲ್ಲ ಎಂದು ಉಮಾದೇವಿ ತಿಳಿಸಿ ಹೇಳಿದ ಮೇಲೆ ಅವರು ಕಡೆಗೆ, ಕಡುಬು ಎರಡೇ ಎಂದು ಬರೆಸಿಕೊಳ್ಳಿ, ಜನ ನಾಲ್ಕು ಮಾಡಿಯಾರು ಎಂದು ಒಪ್ಪಿದರು.

*

ದಾರಿಯುದ್ದಕ್ಕೂ ಉಮಾದೇವಿ ಸ್ಕೂಟರಿನ ಮೇಲೆಯೇ ಕೇಸು ನಡೆಸಿದರು. ಲಾಲ್‌ಸಾಬರ ಮಾತು ಅರ್ಧ ಬಲ. ಆರು ತಿಂಗಳ ಹಿಂದಿನ ಹಚ್ಚೆ ಈಗ ಹೇಗೆ ನೆನಪು ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಆ ಕೈಯ ಒಡತಿಯೇ ಬೇಕು.

ಗಿಡ್ಡಪ್ಪ ಎಂಬ ಹೆಸರು ಇಬ್ಬರಿಗೂ ಗೊತ್ತಿತ್ತು. ನಂದಿನಿಯ ಪಕ್ಕದ ಮನೆ. ಅವನ ಹೆಂಡತಿ ಆದಮ್ಮನಿಗೂ ಯಂಕಮ್ಮನಿಗೂ ಹೋದ ಮಳೆಗಾಲದಲ್ಲಿ ಗಟಾರದ ನೀರಿಗಾಗಿ ಜಗಳವಾಗಿ ಮಾತು ಬಿಟ್ಟಿತ್ತು. ಆದಮ್ಮ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿರಲಿಲ್ಲ, ಮಗಳು ಬಾಣಂತಿ ಎಂದು ಮನೆಯಲ್ಲೇ ಇದ್ದಳು. ಅದನ್ನು ನಂದಿನಿಯೇ ಯಾವಾಗಲೋ ಹೇಳಿದ್ದಳು. ಚೇಳಿನ ಮಾತು ಊರಲ್ಲಿ ಯಾರ ಮುಂದೆಯೂ ಎತ್ತಬಾರದು, ಕೈಯಷ್ಟೇ ನೋಡಬೇಕು ಎಂದು ಉಮಾದೇವಿ ಎಚ್ಚರಿಸಿದರು.

ಗುರುಗುಂಟಾ ಮುಟ್ಟಿದಾಗ ಬಿಸಿಲು ವಾಲಿತ್ತು. ಓಣಿಯ ತಿರುವಿನಲ್ಲಿ ನರಸಣ್ಣನ ಬೈಕು ಎದುರಾಯಿತು. ಮುಂದೆ ಟ್ಯಾಂಕಿನ ಮೇಲೆ ಅಮರವ್ವ ಕುಳಿತು ಹಾರ್ನು ಒತ್ತುತ್ತಿದ್ದಳು. ನರಸಣ್ಣ ಬೈಕು ನಿಲ್ಲಿಸಿ ಕೈ ಮುಗಿದು, ಹುಡುಗಿಗೆ ಚಪ್ಪಲಿ ಕೊಡಿಸಿಕೊಂಡು ಬರುತ್ತೇನೆ ಎಂದ. ಕೆಂಪು ಚಪ್ಪಲಿ, ಹಿಮ್ಮಡಿಗೆ ಲೈಟು ಇರುವುದು ಎಂದು ಅಮರವ್ವ ಅಂಬಿಕಾಗೆ ಬಿಡಿಸಿ ಹೇಳಿದಳು. ಹೋಗುವಾಗ ಮತ್ತೆ ಮೂರು ಸಲ ಹಾರ್ನು ಒತ್ತಿದಳು.

ನಂದಿನಿ ಮನೆಯ ಮುಂದೆಯೇ ಇದ್ದಳು, ಕಸದ ಗಾಡಿಯನ್ನು ಪೈಪು ಹಿಡಿದು ತೊಳೆಯುತ್ತಿದ್ದಳು. ಪಕ್ಕದ ಮನೆಯ ಕಟ್ಟೆಯ ಮೇಲೆ ಆದಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಉಮಾದೇವಿ ನೇರ ಅಲ್ಲಿಗೆ ಹೋದರು. ಅಂಬಿಕಾ ಹಿಂದೆ, ನಂದಿನಿ ಪೈಪು ಬಿಟ್ಟು ಅವಳ ಹಿಂದೆ.

ಉಮಾದೇವಿ ಮಗುವನ್ನು ಮಾತಾಡಿಸಿ, ಮೆಲ್ಲಗೆ ಆದಮ್ಮನ ಕೈ ತೋರಿಸಲು ಕೇಳಿದರು.

"ಯಾಕ್ರಿ, ವಕೀಲಕಿ ಬಿಟ್ಟು ಶಕುನ ಹೇಳಾಕತ್ತೀರೇನು?" ಎಂದಳು ಆದಮ್ಮ. ಆದರೂ ಎರಡೂ ಕೈ ಚಾಚಿದಳು. ಎಡಗೈಯಲ್ಲಿ ತುಳಸಿಕಟ್ಟೆ, ಬಲಗೈಯಲ್ಲಿ ಮೂರು ಚುಕ್ಕಿ. ಚೇಳಿರಲಿಲ್ಲ.

ಉಮಾದೇವಿ ಸೋಲಲಿಲ್ಲ. ಎಳ್ಳಮಾವಾಸ್ಯೆಯಂದು ಗಿಡ್ಡಪ್ಪ ಕೋರ್ಟಿನ ಕಾಗದಕ್ಕೆ ಸಹಿ ಹಾಕಿದ್ದು ನಿಜವೇ ಎಂದರು. ಆದಮ್ಮ ಕೂಸು ಎಚ್ಚರವಾಗುವಂತೆ ನಕ್ಕಳು. ತನ್ನ ಗಂಡ ಪೆನ್ನಿನ ವಾಸನೆಗೂ ಸೀನುವ ಮನುಷ್ಯ, ರೇಷನ್ ಅಂಗಡಿಯಿಂದ ಹಿಡಿದು ಬೀಗರ ಮನೆಯ ಕಾಗದದವರೆಗೆ ಹೆಬ್ಬೆಟ್ಟೇ ಒತ್ತುವುದು, ಸಹಿ ಮಾಡಲು ಬಂದಿದ್ದರೆ ತಾನು ಇನ್ನೂ ದೊಡ್ಡ ಮನೆ ಸೊಸೆ ಆಗುತ್ತಿದ್ದೆ ಎಂದಳು. ಆಮೇಲೆ ನಗು ಬಿಟ್ಟು, ನಂದಿನಿಯ ಮನೆಯ ಕಡೆ ಗದ್ದ ಎತ್ತಿದಳು.

"ನಾ ಒಬ್ಬಾಕಿ ಮನ್ಯಾಗ ಇದ್ದೆ ಅಂತ ನನ್ನ ಮ್ಯಾಲೆ ಹಾಕಬ್ಯಾಡ್ರಿ. ಅವತ್ತು ಆ ಬಾಗಿಲಾ ತೆರೆದದ್ದು ನಾ ಕೇಳೀನಿ. ಮುರದಿಲ್ಲ, ಕೀಲಿ ಹಾಕಿ ತಗದಾರ."

ನಂದಿನಿ ಹುಬ್ಬು ಗಂಟಿಕ್ಕಿದಳು. ಮನೆಗೆ ಇದ್ದದ್ದು ಒಂದೇ ಕೀಲಿ. ಅದು ಅವ್ವನ ಸೊಂಟದಲ್ಲಿ.

ಅಷ್ಟರಲ್ಲಿ ಯಂಕಮ್ಮ ಬಾಗಿಲಿಗೆ ಬಂದು, ಹೊರಗೆ ನಿಂತು ಏನು ಮಾತು, ಒಳಗೆ ಬನ್ನಿ ಎಂದು ಎಲ್ಲರನ್ನೂ ಕರೆದಳು. ಒಗ್ಗರಣೆ ಮಂಡಕ್ಕಿ ಹಚ್ಚಿದ್ದಳು. ಇಲ್ಲಿಯವರೆಗೆ ಅಂಬಿಕಾ ಅವಳನ್ನು ನೋಡಿದ್ದು ಆಫೀಸಿನಲ್ಲಿ ಮಾತ್ರ, ಸೆರಗಿನೊಳಗೆ ಕೈ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತಿದ್ದ ಹೆಂಗಸು. ಇದು ಅವಳ ಮನೆ. ಇಲ್ಲಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲೇರಿಸಿ, ತಟ್ಟೆ ಮುಂದಿಟ್ಟಳು.

ಮುಂಗೈಯ ಮೇಲೆ ಚೇಳು ಬಾಲ ಎತ್ತಿ ನಿಂತಿತ್ತು.

ಉಮಾದೇವಿ ಆದಮ್ಮನ ಮಾತನ್ನೇ ಯೋಚಿಸುತ್ತ ಕಿಟಕಿಯ ಕಡೆ ತಿರುಗಿದ್ದರು. ನಂದಿನಿ ಮಂಡಕ್ಕಿಗೆ ಕೈ ಹಾಕಿದ್ದಳು. ಕಂಡದ್ದು ಅಂಬಿಕಾ ಒಬ್ಬಳಿಗೆ. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಉಣ್ಣಲು ಹಾಕುತ್ತಿರುವ ಕೈ ಇದು. ಆದರೆ ಗುರುವಾರಕ್ಕೆ ನಡುವೆ ಒಂದೇ ದಿನ. ಹಾರ್ನು ಒತ್ತುತ್ತಿದ್ದ ಆ ಸಣ್ಣ ಕೈ ಕಣ್ಣ ಮುಂದೆ ಬಂತು.

"ಯವ್ವಾ," ಎಂದಳು ಅಂಬಿಕಾ. ತನ್ನ ಧ್ವನಿ ತನಗೇ ಹೊಸದಾಗಿ ಕೇಳಿಸಿತು. "ಅಮೀನರಿಗೆ ಅವತ್ತು ಕಡುಬು ನೀವ ಹಾಕಿದ್ರೇನು?"

ನಂದಿನಿ ಮಂಡಕ್ಕಿಯಿಂದ ಕೈ ತೆಗೆದು ಇತ್ತ ತಿರುಗಿದಳು.

ಯಂಕಮ್ಮ ಬೆಚ್ಚಲಿಲ್ಲ. ಅಳಲಿಲ್ಲ. ಕಳೆದುಹೋದ ವಸ್ತು ಸಿಕ್ಕವಳಂತೆ ಮುಖ ತಿಳಿಯಾಯಿತು. ಕೆಳಗೆ ಕುಳಿತು, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ತೊಡೆಯ ಮೇಲಿಟ್ಟುಕೊಂಡಳು.

"ನಾನ ಹಾಕೀನವ್ವ. ಕಾಗದ ಮುಟ್ಟದಿದ್ರ ಕೇಸು ಅಲ್ಲಿಗೇ ಸಾಯ್ತೈತಿ ಅಂದ್ರು. ಮಗಳು ಹೊಲದಾಗ ಇದ್ಲು, ನಾನ ನಂದಿನಿ ಅಂದೆ. ಅಕಿ ಸಂಸಾರ ಉಳೀತು ಅಂತ ನನಗ ಆ ದಿನ ಎಷ್ಟು ಖುಷಿ ಆಗಿತ್ತು ಅಂತೀ. ಆ ಖುಷಿಗೆ ಆ ಸಾಬಣ್ಣಗ ಉಣ್ಣಾಕ ಹಾಕೀನಿ. ಬಿಸಿಲಾಗ ಬಂದಿತ್ತು ಜೀವ."

ನಂದಿನಿ ಬಾಯಿ ತೆರೆದು ಅವ್ವನನ್ನು ನೋಡಿದಳು. ಆದೇಶ ಬಂದಾಗಿನಿಂದ ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಆ ನೋಟಿಸಿನ ಮಾತಾಡಿದ್ದರು. ಅವಳ ಕಣ್ಣಲ್ಲಿ ಮೊದಲು ಸಿಟ್ಟು ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಐವತ್ತು ದಾಟೀದಿ ಬೇ. ನಿನ್ನ ಇಪ್ಪತ್ತಾರು ವರ್ಷದಾಕಿ ಅಂತ ಹೆಂಗ ನಂಬಿದ ಅಂವ?"

"ಸೆರಗ ಹೊಚ್ಚಿಕೊಂಡಿದ್ದೆ. ಧ್ವನಿ ಸಣ್ಣ ಮಾಡಿದ್ದೆ."

ಹೇಗೆ ಮಾಡಿದ್ದೆ ಎಂದು ನಂದಿನಿ ಕೇಳಿದಳು. ಯಂಕಮ್ಮ ನಿಜವಾಗಿಯೂ ಸೆರಗು ಎಳೆದುಕೊಂಡು, ಮೂಗಿನಿಂದ ಹೊಸ ಮದುಮಗಳ ಧ್ವನಿ ತೆಗೆದು, ನಾನೇ ನಂದಿನಿ ಎಂದು ಹೇಳಿ ತೋರಿಸಿದಳು. ನಂದಿನಿ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಮಾದೇವಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗೋಡೆಯಾಚೆಯಿಂದ ಆದಮ್ಮನ ನಗುವೂ ಕೇಳಿತು. ವರ್ಷದಿಂದ ಮಾತು ಬಿಟ್ಟವಳು ಅಲ್ಲಿಂದಲೇ, ಯಂಕಮ್ಮ, ಇನ್ನೊಮ್ಮೆ ಮಾಡಬೇ ಎಂದು ಕೂಗಿದಳು.

ಸುಮ್ಮನೆ ನಕ್ಕದ್ದಲ್ಲ ಅದು. ಕೇಸು ಗೆದ್ದಂತೆಯೇ ಎಂದು ಉಮಾದೇವಿ ಹೇಳಿದರು. ಅಮೀನರ ನೆನಪು ಮತ್ತು ಯಂಕಮ್ಮನ ಕೈ, ಎರಡೂ ಗುರುವಾರ ಒಂದೇ ಕಡೆ ನಿಲ್ಲುತ್ತವೆ. ಸುಳ್ಳು ಹೇಳಿದ್ದಕ್ಕೆ ಜಡ್ಜ್ ಸಾಹೇಬರು ಯಂಕಮ್ಮನಿಗೆ ನಾಲ್ಕು ಮಾತು ಬೈಯಬಹುದು, ಬೈಸಿಕೊಳ್ಳಬೇಕು. ಹಳೆಯ ಆದೇಶ ಬಿದ್ದರೆ ಕೇಸು ಮೊದಲಿನಿಂದ ನಡೆಯುತ್ತದೆ. ಆಗ ಸೋಡಚೀಟಿಯನ್ನು ಇಬ್ಬರೂ ಒಪ್ಪಿ ತೆಗೆದುಕೊಳ್ಳಬಹುದು, ಹುಡುಗಿ ಎಲ್ಲಿರಬೇಕು ಎನ್ನುವುದನ್ನು ಎರಡೂ ಕಡೆ ಕೇಳಿಯೇ ತೀರ್ಮಾನಿಸುತ್ತಾರೆ. ಬೈಸಿಕೊಳ್ಳುವುದು ತನಗೆ ಹೊಸದಲ್ಲ ಎಂದು ಯಂಕಮ್ಮ ಮಂಡಕ್ಕಿಯ ಮೇಲೆ ಇನ್ನಷ್ಟು ಶೇಂಗಾ ಸುರಿದಳು.

ಎಲ್ಲರೂ ತಿನ್ನತೊಡಗಿದರು. ಅಂಬಿಕಾ ಮಾತ್ರ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದಳು. ಕೇಸು ಸಾಯುತ್ತದೆ ಎಂದು ಯಂಕಮ್ಮ ತಾನಾಗಿ ಅಂದುಕೊಂಡಿದ್ದಲ್ಲ. ಅಂದ್ರು ಎಂದಿದ್ದಳು.

"ಯಾರು ಅಂದ್ರುರಿ?" ಎಂದು ಕೇಳಿದಳು.

"ನರಸಣ್ಣ," ಎಂದಳು ಯಂಕಮ್ಮ, ತಟ್ಟೆ ಸರಿಸುತ್ತ. ತನಗೇನು ಕೋರ್ಟು ಕಚೇರಿ ಗೊತ್ತು, ತಮ್ಮ ತಿರುಗಾಡಿದವನು ಎಂದಳು. ಅವತ್ತು ಚರಗ ಚೆಲ್ಲಿ, ನಂದಿನಿ ಉಂಡು ಮಲಗಿದ ಮೇಲೆ, ತುಪ್ಪದ ಗಿಂಡಿ ಮನೆಯಲ್ಲೇ ಮರೆತಿದ್ದೀವಿ ಅಂದವನೂ ಅವನೇ. ಬೆಳಗ್ಗೆಯೇ ಹೊಲಕ್ಕೆ ತಂದು ನಿಲ್ಲಿಸಿದ್ದ ಬೈಕಿನ ಮೇಲೆ ಅವಳನ್ನು ಕೂರಿಸಿಕೊಂಡು ಬಂದ. ದಾರಿಯಲ್ಲಿ, ಇಂಥ ಕಾಗದ ಬರಬಹುದು, ಬಂದರೆ ಹೀಗೆ ಹೇಳು ಎಂದ. ಮನೆಗೆ ಬಿಟ್ಟು, ಎಲೆ ಅಡಿಕೆ ತರುತ್ತೇನೆಂದು ಬಸ್ ನಿಲ್ದಾಣದ ಕಡೆ ಹೋದ.

"ಮನ್ಯಾಗ ತುಪ್ಪ ಸಿಕ್ಕಿತೇನ್ರಿ?"

"ಎಲ್ಲಿ ಸಿಗತೈತಿ. ಹುಡುಕಿ ಹುಡುಕಿ ಸಾಕಾತು. ತಿರುಗಿ ಹೋಗಿ ನೋಡಿದ್ರ ಗಾಡ್ಯಾಗ ಹುಲ್ಲಿನ ಕೆಳಗ ಇತ್ತು. ನನಗ ಅರಳುಮರಳು ಆತು ಅಂತ ಅವನ ನಕ್ಕ."

ಉಮಾದೇವಿ ತಟ್ಟೆ ಕೆಳಗಿಟ್ಟರು. ಬಸ್ಸಿಳಿದ ಅಮೀನರಿಗೆ ಸಿಕ್ಕ ಟವಲು ಸುತ್ತಿದ ಮುಖ. ಗಿಡ್ಡಪ್ಪನ ಹೆಸರಿನಲ್ಲಿ ಸಹಿ. ನೋಟಿಸು ಯಾವ ದಿನ ಬರುತ್ತದೆ ಎನ್ನುವುದು ಭೀಮೇಶನ ಕಡೆಯವರಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ನಂದಿನಿಯ ಮುಖದಲ್ಲಿ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಗೋಡೆಯ ಗೂಟದ ಮೇಲೆ ನಿಂತಿತ್ತು. ಅಮ್ರಿಯ ಶಾಲೆಯ ಚೀಲ ಅಲ್ಲಿರಲಿಲ್ಲ. ಪಕ್ಕದ ಹಗ್ಗದ ಮೇಲೆ ಒಣಗಿದ ಅವಳ ಎರಡು ಅಂಗಿಗಳೂ ಇರಲಿಲ್ಲ.

"ಚಪ್ಪಲಿ ತರಾಕ ಅಂಗಿ ಯಾಕ ಬೇಕು ಯವ್ವಾ?"

ಯಂಕಮ್ಮ ಮಗಳನ್ನೂ ಗೂಟವನ್ನೂ ನೋಡಿದಳು. ಅವಳ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು.

ನಂದಿನಿ ಫೋನು ತೆಗೆದು ನರಸಣ್ಣನಿಗೆ ಹಚ್ಚಿ ಸ್ಪೀಕರ್ ಹಾಕಿದಳು. ಒಂದು, ಎರಡು, ಮೂರು. ನಾಲ್ಕನೆಯ ರಿಂಗಿಗೆ ಎತ್ತಿದರು. ಯಾರೂ ಹಲೋ ಅನ್ನಲಿಲ್ಲ. ದೂರದಲ್ಲಿ ಕಂಡಕ್ಟರೊಬ್ಬ ಸಿಂಧನೂರು, ಸಿಂಧನೂರು ಎಂದು ಕೂಗುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಭೀಮೇಶನ ಊರಿಗೆ ಅದೇ ದಾರಿ. ಹತ್ತಿರದಲ್ಲಿ ಯಾರದೋ ಉಸಿರು.

"ಮಾಮಾ, ಅಮ್ರಿ ಎಲ್ಲದಾಳ?"

ಉಮಾದೇವಿ ಆಗಲೇ ಸ್ಕೂಟರಿನ ಕೀಲಿ ಹಿಡಿದು ಎದ್ದಿದ್ದರು. ನಂದಿನಿ ಕೈಯೆತ್ತಿ ಅವರನ್ನು ತಡೆದು, ಧ್ವನಿ ಏರಿಸದೆ, ಕಾಲುವೆ ದಂಡೆಯ ಮೇಲೆ ಗಾಡಿ ಹಿಂದಕ್ಕೆ ತಿರುಗಿಸುವಾಗಿನ ಜಾಗ್ರತೆಯಲ್ಲಿ ಕೇಳಿದಳು.

"ಫೋನ್ ಹುಡುಗಿ ಕೈಗೆ ಕೊಡು ಮಾಮಾ."